ಅಳತೆಪಟ್ಟಿ ಆಮೇಲೆ, ಮೊದಲು ಆಟ ನೋಡಿ

ಸಂಪಾದಕರಿಗೆ,

ಮಾನ್ಯರೆ,

ಮಳೆ ಹಿಂದೆಗೆದು ಸಿಮೆಂಟ್ ಅಂಕಣಗಳ ಪಾಚಿ ಒಣಗುತ್ತಿದ್ದಂತೆ ನಮ್ಮ ಮಲೆನಾಡಿನಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಹಾಕಿ ಆಡುವ ಮಕ್ಕಳ ಆಯ್ಕೆಯ ಮಾತು ಶುರುವಾಗುತ್ತದೆ. ಆ ಮಕ್ಕಳಲ್ಲಿ ಕೆಲವರಿಗೆ ಇಲ್ಲಿಂದ ಲಡಾಖ್‌ನ ಐಸ್ ಅಂಕಣದವರೆಗೆ ಹೋಗಬೇಕೆಂಬ ಆಸೆ ಇದೆ. ಆಯ್ಕೆಗೆ ಕೂತವರ ಬಾಯಲ್ಲಿ ಪ್ರತಿ ವರ್ಷ ಬರುವ ಮಾತೊಂದಿದೆ: ‘ಹುಡುಗ ಚುರುಕಿದ್ದಾನೆ, ಕೈ ಚೆನ್ನಾಗಿದೆ, ಆದರೆ ತೀರಾ ಸಣ್ಣ. ಐಸ್ ಹಾಕಿಯಲ್ಲಿ ಒಂದು ಗುದ್ದು ಬಿದ್ದರೆ ಮುಗೀತು.’ ಅಲ್ಲಿಗೆ ಆ ಹೆಸರಿನ ಮೇಲೆ ಗೀಟು. ಈ ಪತ್ರ ಆ ಗೀಟಿನ ಬಗ್ಗೆ.

ದೇಹದ ಅಳತೆ ಲೆಕ್ಕಕ್ಕೇ ಇಲ್ಲ ಎಂಬ ವಾದ ನಮ್ಮದಲ್ಲ. ಐಸ್ ಹಾಕಿಯ ಅಂಕಣ ಉತ್ತರ ಅಮೆರಿಕದಲ್ಲಿ 200 ಅಡಿ ಉದ್ದ, 85 ಅಡಿ ಅಗಲ. ಸುತ್ತಲೂ ಹಲಗೆಯ ಗೋಡೆ. ಆ ಗೋಡೆಯ ಮಗ್ಗುಲಲ್ಲಿ ಪಕ್‌ಗಾಗಿ, ಅಂದರೆ ಚೆಂಡಿನ ಬದಲಿಗಿರುವ ಚಪ್ಪಟೆ ಬಿಲ್ಲೆಗಾಗಿ, ಇಬ್ಬರು ತಳ್ಳಾಡುವಾಗ ತೂಕ ಮಾತಾಡುತ್ತದೆ. ಉದ್ದ ಕೈ, ಉದ್ದ ಸ್ಟಿಕ್ ಇದ್ದವನು ದೂರದಿಂದಲೇ ಪಕ್ ಕೆದಕಿ ಕಸಿಯಬಲ್ಲ. ಗೋಲಿಯ (ಗೋಲು ಕಾಯುವವನ) ಕಣ್ಣಿಗೆ ಅಡ್ಡ ನಿಲ್ಲುವ ಕೆಲಸಕ್ಕೂ ದೊಡ್ಡ ಮೈ ಅನುಕೂಲ. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂದು ಬೆನ್ನು ತಟ್ಟಿ ಒಬ್ಬನನ್ನು ತಂಡಕ್ಕೆ ಸೇರಿಸಿಕೊಳ್ಳುವುದೂ ಗೀಟು ಎಳೆದಷ್ಟೇ ತಪ್ಪು. ಎರಡರಲ್ಲೂ ಆಟವನ್ನು ಯಾರೂ ನೋಡಿರುವುದಿಲ್ಲ.

ಕುಳ್ಳಗಿದ್ದವರ ಮಾತು ಬಂದಾಗ ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ ಹೆಸರು ನಮ್ಮ ಜಿಲ್ಲೆಯಲ್ಲಿ ಬಂದೇ ಬರುತ್ತದೆ. 1969ರಲ್ಲಿ ಕಾನ್ಪುರದ ತಮ್ಮ ಮೊದಲ ಟೆಸ್ಟ್‌ನಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ ಆಸ್ಟ್ರೇಲಿಯಾ ವಿರುದ್ಧ 137. ನಮಗೆಲ್ಲ ಹೆಮ್ಮೆಯೇ. ಆದರೆ ಆ ಸ್ಕ್ವೇರ್ ಕಟ್ ಹೊಡೆಯುವಾಗ ತೊಂಬತ್ತು ಕಿಲೋ ತೂಕದವನೊಬ್ಬ ಓಡಿಬಂದು ಅವರ ಪಕ್ಕೆಗೆ ಭುಜ ಕೊಡುತ್ತಿರಲಿಲ್ಲ. ಮೈಗೆ ಮೈ ತಾಗುವ ಆಟಕ್ಕೆ ಉದಾಹರಣೆಯನ್ನು ಅದೇ ಆಟದಿಂದ ತೆಗೆಯಬೇಕು, ಮತ್ತು ಐಸ್ ಹಾಕಿಯಲ್ಲಿ ಅಂಥ ಉದಾಹರಣೆಗಳು ಧಾರಾಳವಾಗಿವೆ.

ಮಾರ್ಟಿನ್ ಸೇಂಟ್ ಲೂಯಿ 5 ಅಡಿ 8 ಅಂಗುಲ. ಉತ್ತರ ಅಮೆರಿಕದ ವೃತ್ತಿಪರ ಲೀಗಾದ ಎನ್‌ಎಚ್‌ಎಲ್‌ನ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಕೂಟದಲ್ಲಿ, ಯಾವ ತಂಡವೂ ಅವರ ಹೆಸರು ಕೂಗಲಿಲ್ಲ. 1998ರಲ್ಲಿ ಸೇರಿಸಿಕೊಂಡ ಕ್ಯಾಲ್ಗರಿ ತಂಡ 2000ದಲ್ಲಿ ಬಿಟ್ಟುಕೊಟ್ಟಿತು. ಟ್ಯಾಂಪಾ ಬೇ ತಂಡಕ್ಕೆ ಹೋದ ಅವರು 2003–04ರಲ್ಲಿ 94 ಅಂಕಗಳೊಂದಿಗೆ (ಹೊಡೆದ ಗೋಲು, ಗೋಲಾಗಲು ನೆರವಾದ ಪಾಸು ಎರಡೂ ಸೇರಿದ ಲೆಕ್ಕ) ಲೀಗಿನಲ್ಲೇ ಮೊದಲಿಗರಾದರು, ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು, ಅದೇ ವರ್ಷ ಲೀಗಿನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್ ಎತ್ತಿದರು. 5 ಅಡಿ 6 ಅಂಗುಲದ ಥಿಯೊ ಫ್ಲೂರಿ 1987ರ ಡ್ರಾಫ್ಟ್‌ನಲ್ಲಿ 166ನೆಯವರು. 1,084 ಪಂದ್ಯಗಳಲ್ಲಿ ಅವರು ಗಳಿಸಿದ್ದು 1,088 ಅಂಕ. 2011ರಲ್ಲಿ ಜಾನಿ ಗೋಡ್ರೊ ಅವರಿಗಿಂತ ಮೊದಲು 103 ಹುಡುಗರ ಹೆಸರು ಕೂಗಲಾಗಿತ್ತು. 2021–22ರ ಒಂದೇ ಋತುವಿನಲ್ಲಿ ಅವರು 115 ಅಂಕ ಗಳಿಸಿದರು. ಎಳೆಯ ಪ್ರಾಯದಲ್ಲೇ, 2024ರ ಆಗಸ್ಟ್‌ನಲ್ಲಿ, ತೀರಿಕೊಂಡರು.

ಇವರಲ್ಲಿ ಅಲೆಕ್ಸ್ ಡಿಬ್ರಿಂಕಾಟ್ ಅವರ ಪ್ರಕರಣವನ್ನು ಆಯ್ಕೆಗಾರರು ಬಿಡಿಸಿ ಓದಬೇಕು. 5 ಅಡಿ 7 ಅಂಗುಲದ ಹುಡುಗ. ಈರಿ ಎಂಬ ಕಿರಿಯರ ತಂಡದಲ್ಲಿ 2014–15ರಲ್ಲಿ 51 ಗೋಲು ಹೊಡೆದಾಗ ಜೊತೆಯಲ್ಲಿ ಮುಂದೆ ಲೀಗಿನ ದೊಡ್ಡ ತಾರೆಯಾದ ಕಾನರ್ ಮೆಕ್‌ಡೇವಿಡ್ ಇದ್ದರು. ಅಂಥವರ ಪಾಸು ಸಿಕ್ಕರೆ ಯಾರು ಬೇಕಾದರೂ ಹೊಡೆಯುತ್ತಾರೆ ಎನ್ನಬಹುದಿತ್ತು, ಆ ಅನುಮಾನ ನ್ಯಾಯವಾದದ್ದೇ. ಮರುವರ್ಷ ಮೆಕ್‌ಡೇವಿಡ್ ಎನ್‌ಎಚ್‌ಎಲ್‌ಗೆ ಹೋದರು. ಹುಡುಗ ಮತ್ತೆ 51 ಗೋಲು ಹೊಡೆದ. ಅನುಮಾನಕ್ಕೆ ಉತ್ತರ ಅಂಕಣದ ಮೇಲೆಯೇ ಸಿಕ್ಕಿತ್ತು. ಆದರೂ 2016ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಬಂದದ್ದು 39ನೆಯದಾಗಿ. ಮುಂದೆ ಎನ್‌ಎಚ್‌ಎಲ್‌ನಲ್ಲಿ ಎರಡು ಋತುಗಳಲ್ಲಿ ತಲಾ 41 ಗೋಲು.

2004–05ರ ಋತು ಪೂರ್ತಿ ರದ್ದಾದ ಬಳಿಕ ಎನ್‌ಎಚ್‌ಎಲ್ ನಿಯಮಗಳನ್ನು ಬಿಗಿ ಮಾಡಿತು. ಸ್ಟಿಕ್ಕಿನಿಂದ ಕೊಕ್ಕೆ ಹಾಕುವುದು, ಹಿಡಿದೆಳೆಯುವುದು, ಪಕ್ ಇಲ್ಲದವನನ್ನು ತಡೆಯುವುದು, ಇವಕ್ಕೆಲ್ಲ ದಂಡ (ತಪ್ಪು ಮಾಡಿದವನು ಸ್ವಲ್ಪ ಹೊತ್ತು ಅಂಕಣದ ಹೊರಗೆ) ಖಚಿತವಾಯಿತು. ನಡುಗೆರೆ ದಾಟಿಸಿ ಉದ್ದ ಪಾಸು ಕೊಡಲೂ ಅವಕಾಶವಾಯಿತು. ಕಾಲು ವೇಗವಾಗಿದ್ದವರಿಗೆ ಆಗ ದಾರಿ ತೆರೆಯಿತು. ಇಂದಿನ ಆಟಕ್ಕೆ ಮಗುವನ್ನು ಆರಿಸುವಾಗ ಹಿಂದಿನ ಕಾಲದ ಹೆದರಿಕೆಯನ್ನು ಅಳತೆಗೋಲು ಮಾಡಿಕೊಳ್ಳಬಾರದು.

ಹಾಗಾದರೆ ನೋಡಬೇಕಾದ್ದೇನು? ನಮ್ಮ ಪ್ರಕಾರ ಸಣ್ಣ ಮೈಯ ಫಾರ್ವರ್ಡ್ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದು: ಒತ್ತಡ ಬಿದ್ದಾಗ ಅವನು ಅಂಕಣದ ನಡುವಿಗೆ ನುಗ್ಗುತ್ತಾನೋ, ಅಂಚಿಗೆ ಸರಿಯುತ್ತಾನೋ? ಗೋಲಿನ ಎದುರು ಎಡಬಲಕ್ಕೆ ಎರಡು ಕೆಂಪು ಚುಕ್ಕೆಗಳಿರುತ್ತವೆ, ನಡುವಿನ ಅಂತರ 44 ಅಡಿ. ಆ ಚುಕ್ಕೆಗಳ ಒಳಗಿನ ಪಟ್ಟಿಯಿಂದ ಹೊಡೆದ ಪಕ್ ಗೋಲಾಗುವ ಸಂಭವ ಹೆಚ್ಚು. ಹೊರಗಿನಿಂದ ಹೊಡೆದದ್ದನ್ನು ಒಳ್ಳೆಯ ಗೋಲಿ ಸಾಮಾನ್ಯವಾಗಿ ತಡೆದುಬಿಡುತ್ತಾನೆ. ಬಾಲ ಸುತ್ತುವ ಮೀನಿನಂತೆ ಅಂಚಿನಲ್ಲೇ ಚಂದವಾಗಿ ತಿರುಗುವ ಹುಡುಗ ನೋಡುಗರ ಚಪ್ಪಾಳೆ ಗಿಟ್ಟಿಸುತ್ತಾನೆ, ದೊಡ್ಡವರ ಆಟದಲ್ಲಿ ಮಾಯವಾಗುತ್ತಾನೆ. ಆದ್ದರಿಂದ ಒಂದು ಕಾಗದದಲ್ಲಿ ಅಂಕಣದ ನಕ್ಷೆ ಬರೆದು, ಅವನು ಹೊಡೆದ ಪ್ರತಿ ಶಾಟ್‌ಗೆ ನಿಂತ ಜಾಗದಲ್ಲಿ ಒಂದು ಗುರುತು, ಗೋಲಾಗಲು ದಾರಿ ಮಾಡಿದ ಪ್ರತಿ ಪಾಸಿಗೆ ಇನ್ನೊಂದು ಬಗೆಯ ಗುರುತು ಹಾಕಿ. ಮೂರು ಪಂದ್ಯದ ಕಾಗದಗಳನ್ನು ಒಟ್ಟಿಗಿಟ್ಟು ನೋಡಿದರೆ ಗುರುತುಗಳು ಎಲ್ಲಿ ಗುಂಪುಗಟ್ಟಿವೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಎರಡನೆಯದಾಗಿ ತಲೆ ನೋಡಿ, ಕೈಯನ್ನಲ್ಲ. ಪಕ್ ತನ್ನ ಬಳಿ ಬರುವ ಮುಂಚಿನ ಎರಡು ಮೂರು ಸೆಕೆಂಡಿನಲ್ಲಿ ಅವನು ಎಷ್ಟು ಸಲ ಹೆಗಲ ಮೇಲಿಂದ ಹಿಂದೆ ನೋಡುತ್ತಾನೆ? ಎರಡು ಸಲ ನೋಡಿದವನಿಗೆ ಗುದ್ದು ಬರುವ ದಿಕ್ಕು ಮೊದಲೇ ಗೊತ್ತಿರುತ್ತದೆ. ಗುದ್ದು ತಲುಪುವಷ್ಟರಲ್ಲಿ ಅವನು ಅಲ್ಲಿರುವುದಿಲ್ಲ, ಪಕ್ ಕೂಡ ಇರುವುದಿಲ್ಲ. ಒಮ್ಮೆಯೂ ನೋಡದೆ ಪಕ್ ಹಿಡಿದ ಮೇಲೆ ಯೋಚಿಸುವವನು ಎಷ್ಟೇ ಕೈಚಳಕದವನಾದರೂ ಗೋಡೆಗೆ ಅಪ್ಪಳಿಸುತ್ತಾನೆ. ಕುಳ್ಳಗಿರುವವನು ಬಾಳುವುದೂ ಬೀಳುವುದೂ ಇಲ್ಲೇ. ಇದನ್ನು ಮೊಬೈಲ್ ವಿಡಿಯೋದಲ್ಲಿ ನೋಡಲಾಗದು, ಏಕೆಂದರೆ ಕ್ಯಾಮೆರಾ ಪಕ್‌ನ ಹಿಂದೆ ಓಡುತ್ತದೆ, ಪಕ್ ಇಲ್ಲದ ಹುಡುಗ ಚೌಕಟ್ಟಿನ ಹೊರಗಿರುತ್ತಾನೆ. ತಂದೆತಾಯಿ ಕತ್ತರಿಸಿ ಜೋಡಿಸಿ ಕಳಿಸುವ ಎರಡು ನಿಮಿಷದ ತುಣುಕಿನಿಂದ ಆಯ್ಕೆ ಮಾಡಲೇಬಾರದು. ಅದರಲ್ಲಿ ಸೋತ ಶಿಫ್ಟ್ (ಅಂಕಣಕ್ಕಿಳಿದು ಆಡುವ ಒಂದು ಸರದಿ) ಒಂದೂ ಇರುವುದಿಲ್ಲ.

ಆಮೇಲೆ ಕಾಲು. ನೇರ ಓಟದ ವೇಗಕ್ಕಿಂತ ನಿಂತಲ್ಲಿಂದ ಮೊದಲ ಮೂರು ಹೆಜ್ಜೆ ಮುಖ್ಯ. ಗೋಡೆಯ ಬದಿ ಎದುರಾಳಿ ಬೆನ್ನಿಗೆ ಅಂಟಿದಾಗ ಮಂಡಿ ಬಗ್ಗಿಸಿ, ಸೊಂಟ ತಗ್ಗಿಸಿ, ಸೊಂಟವನ್ನೇ ಅಡ್ಡಗೋಡೆ ಮಾಡಿಕೊಂಡು ಪಕ್ ಕಾಯುತ್ತಾನೋ, ಅಥವಾ ನೆಟ್ಟಗೆ ನಿಂತು ಕೈ ಮುಂದೆ ಚಾಚುತ್ತಾನೋ ಗಮನಿಸಿ. ತಗ್ಗಿ ನಿಲ್ಲುವುದರಲ್ಲಿ ಕುಳ್ಳನಿಗೆ ಅನುಕೂಲವಿದೆ, ಎತ್ತರದವನ ಭುಜ ಅವನ ತಲೆಯ ಮೇಲೆ ಹಾದುಹೋಗಬೇಕಾಗುತ್ತದೆ, ತಲೆಗೆ ತಾಗಿದರೆ ದಂಡ. ಎದುರಾಳಿಯ ಸ್ಟಿಕ್ಕನ್ನು ಕೆಳಗಿನಿಂದ ಎತ್ತಿ ಪಕ್ ಕದಿಯುವ ಚಾಳಿ ಇದ್ದರೆ ದೊಡ್ಡ ಗುರುತು ಹಾಕಿಕೊಳ್ಳಿ. ಗುದ್ದಾಟದಲ್ಲಿ ಗೆಲ್ಲಲು ತೂಕವೊಂದೇ ದಾರಿಯಲ್ಲ ಎಂದು ಅವನಿಗಾಗಲೇ ಗೊತ್ತಾಗಿದೆ.

ಮತ್ತೊಂದು: ಜೋರಾಗಿ ಬಿದ್ದ ಮೇಲಿನ ಶಿಫ್ಟ್. ಒಂದು ಶಿಫ್ಟ್ ಸುಮಾರು 45 ಸೆಕೆಂಡು. ಬಿದ್ದೆದ್ದ ಹುಡುಗ ಮುಂದಿನ ಸರದಿಯಲ್ಲಿ ಅದೇ ಮೂಲೆಗೆ ಮೊದಲಿಗನಾಗಿ ಹೋಗುತ್ತಾನೋ, ಅರ್ಧ ಹೆಜ್ಜೆ ತಡಮಾಡಿ ಸಂಗಡಿಗನಿಗೆ ಬಿಡುತ್ತಾನೋ? ಒಂದು ಸಲ ಹಿಂಜರಿದರೆ ತೀರ್ಪು ಕೊಡಬೇಡಿ, ಮಕ್ಕಳಿಗೆ ನೋವಾಗುತ್ತದೆ. ಮೂರು ಪಂದ್ಯಗಳಲ್ಲೂ ಹಾಗೇ ಇದ್ದರೆ ಬರೆದಿಟ್ಟುಕೊಳ್ಳಿ.

ಎಷ್ಟು ಪಂದ್ಯ ನೋಡಬೇಕು ಎಂದರೆ, ಐದಕ್ಕೆ ಕಮ್ಮಿ ಬೇಡ. ಅವುಗಳಲ್ಲಿ ಎರಡಾದರೂ ಅವನಿಗಿಂತ ಬಲವಾದ ತಂಡದ ವಿರುದ್ಧ ಇರಲಿ. ಮಧ್ಯದ ಎತ್ತರದ ಜಾಗದಲ್ಲಿ ಕೂತರೆ ಆಟದ ಆಕಾರ ಚೆನ್ನಾಗಿ ಕಾಣುತ್ತದೆ, ಮೂಲೆಯ ಜಗ್ಗಾಟ ಕಾಣುವುದಿಲ್ಲ. ಒಂದು ಪಂದ್ಯವನ್ನು ಗೋಲಿನ ಹಿಂದಿನ ಮೂಲೆಯಲ್ಲಿ ನಿಂತು ನೋಡಿ. ಅಂಕ ಲೆಕ್ಕ ಹಾಕುವಾಗ ಎದುರಾಳಿ ಒಬ್ಬ ಕಮ್ಮಿ ಇದ್ದಾಗ ಬಂದ ಗೋಲುಗಳನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಜಾಗ ಹೆಚ್ಚಿದ್ದಾಗ ಕೌಶಲವಿದ್ದ ಯಾರಾದರೂ ಮಿಂಚುತ್ತಾರೆ. ಐದಕ್ಕೆ ಐದು ಜನ ಇದ್ದಾಗ ಏನಾಯಿತು ಎಂಬುದೇ ನಿಜ. ಡಿಬ್ರಿಂಕಾಟ್ ಪ್ರಕರಣದ ಪ್ರಶ್ನೆಯನ್ನೂ ಕೇಳಿಕೊಳ್ಳಿ: ಪಾಸು ಕೊಡುತ್ತಿರುವವನು ಯಾರು? ಆ ಜೊತೆಗಾರ ಇಲ್ಲದ ದಿನ ಇವನ ಆಟ ಹೇಗಿತ್ತು?

ನಮ್ಮೂರಿಗೆ ಬೇರೆಯದೇ ತೊಡಕಿದೆ. ಇಲ್ಲಿನ ಮಕ್ಕಳು ಆಡುವುದು ಚಕ್ರದ ಮೇಲೆ. ಇನ್‌ಲೈನ್ ಹಾಕಿಯಲ್ಲಿ ಗೋಲಿಯ ಹೊರತಾಗಿ ನಾಲ್ವರು, ಮೈಮೇಲೆ ಬಿದ್ದು ಗುದ್ದುವುದಕ್ಕೆ ಅನುಮತಿ ಇಲ್ಲ. ಹೀಗಾಗಿ ಸಣ್ಣ ಹುಡುಗನ ಬಗ್ಗೆ ನಮಗಿರುವ ಮುಖ್ಯ ಪ್ರಶ್ನೆಗೆ ಪಂದ್ಯದಲ್ಲಿ ಪೂರ್ತಿ ಉತ್ತರ ಸಿಗದು. ಐಸ್ ಮೇಲೆ ಎರಡೂ ಬ್ಲೇಡು ಅಡ್ಡ ತಿರುಗಿಸಿ ಗಕ್ಕನೆ ನಿಲ್ಲಬಹುದು, ಚಕ್ರದಲ್ಲಿ ಹಾಗೆ ನಿಲ್ಲುವುದು ಕಷ್ಟ, ಮಕ್ಕಳು ಅಗಲವಾಗಿ ಸುತ್ತು ಹೊಡೆದು ತಿರುಗುತ್ತಾರೆ. ಅದನ್ನು ಸೋಮಾರಿತನ ಎಂದು ಬರೆಯಬೇಡಿ. ಐಸ್‌ಗೆ ಇಳಿದ ಮೊದಲ ಒಂದೆರಡು ವಾರ ಅದೇ ಅಭ್ಯಾಸ ಎಳೆಯುತ್ತದೆ. ಆ ದಿನಗಳಲ್ಲಿ ಮಗುವನ್ನು ಅಳೆಯುವುದು ಅನ್ಯಾಯ.

ಇದಕ್ಕೆ ನಾವು ಸೂಚಿಸುವ ಪರೀಕ್ಷೆ ಸುಲಭ. ಅಂಕಣದ ಒಂದು ಮೂಲೆಯಲ್ಲಿ ಸುಮಾರು 15 ಮೀಟರ್ ಉದ್ದ, 12 ಮೀಟರ್ ಅಗಲದ ಜಾಗಕ್ಕೆ ಕೋನ್ ಇಟ್ಟು, ಎರಡು ಕಡೆ ಗೋಲಿಟ್ಟು, ಇಬ್ಬರ ವಿರುದ್ಧ ಇಬ್ಬರನ್ನು ಆಡಿಸಿ. ಪ್ರತಿ ಸರದಿ 30 ಸೆಕೆಂಡು, ನಡುವೆ ಒಂದೂವರೆ ನಿಮಿಷ ವಿಶ್ರಾಂತಿ, ಒಬ್ಬೊಬ್ಬರಿಗೆ ಆರು ಸರದಿ. ಸಣ್ಣ ಹುಡುಗನ ಎದುರಿಗೆ ಪ್ರತಿ ಸಲ ಉದ್ದದವರನ್ನೇ ನಿಲ್ಲಿಸಿ, ಆದರೆ ಜೊತೆಗಾರನನ್ನು ಬದಲಿಸುತ್ತಾ ಹೋಗಿ. ಇಕ್ಕಟ್ಟಿನಲ್ಲಿ ವೇಗ ಹಿಡಿಯಲು ಜಾಗವಿಲ್ಲದ್ದರಿಂದ ತಲೆ, ಸೊಂಟ, ಸ್ಟಿಕ್ ಮಾತ್ರ ಉಳಿಯುತ್ತವೆ. ಎಷ್ಟು ಸಲ ಪಕ್ ಉಳಿಸಿಕೊಂಡ, ಎಷ್ಟು ಸಲ ಕಳಕೊಂಡ, ಕಳಕೊಂಡ ಮೇಲೆ ಎಷ್ಟು ಸಲ ವಾಪಸ್ ಕಸಿದ, ಈ ಮೂರೇ ಅಂಕಿ ಸಾಕು. ಕೊನೆಯ ಎರಡು ಸರದಿಗಳನ್ನು ಹೆಚ್ಚು ಗಮನವಿಟ್ಟು ನೋಡಿ. ದಣಿದಾಗ ಮಂಡಿ ನೆಟ್ಟಗಾಗುತ್ತದೆ, ತಲೆ ಕೆಳಗೆ ಬೀಳುತ್ತದೆ. ಸಂಜೆ ಇಬ್ಬನಿ ಇಳಿದ ಮೇಲೆ ಈ ಪರೀಕ್ಷೆ ಬೇಡ. ನಮ್ಮ ಕಡೆ ಸಿಮೆಂಟ್ ತೇವವಾದರೆ ಚಕ್ರ ಜಾರಿ ಮಣಿಕಟ್ಟು ಮುರಿಯುತ್ತದೆ.

ಇನ್ನು ವಯಸ್ಸು. ಒಂದೇ ವರ್ಷದ ಗುಂಪಿನಲ್ಲಿ ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಿನವನಿಗೂ ಸುಮಾರು ಹನ್ನೊಂದು ತಿಂಗಳ ಅಂತರ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲೇ ತೋರಿಸಿದ್ದು ಇದನ್ನೇ: ಹಾಕಿಯ ಮೇಲ್ದರ್ಜೆಯ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಬಹಳ ಹೆಚ್ಚು. ಪ್ರತಿಭೆಗೆ ಪಂಚಾಂಗವಿಲ್ಲ. ದೊಡ್ಡ ಮೈಯವರನ್ನು ಎಳೆಯ ವಯಸ್ಸಿನಲ್ಲೇ ಆರಿಸಿ, ಅವರಿಗೇ ಒಳ್ಳೆಯ ತರಬೇತಿ ಕೊಟ್ಟದ್ದರ ಫಲ ಅದು. ಇದರ ಮೇಲೆ ಬೆಳವಣಿಗೆಯ ಜಿಗಿತ ಬೇರೆ. ಹುಡುಗರಲ್ಲಿ ಅದು ಸರಾಸರಿ 14ರ ಹೊತ್ತಿಗೆ, ಹುಡುಗಿಯರಲ್ಲಿ 12ರ ಹೊತ್ತಿಗೆ ತುದಿ ಮುಟ್ಟುತ್ತದೆ, ಆದರೆ ಒಬ್ಬೊಬ್ಬರಿಗೆ ಎರಡು ವರ್ಷ ಹಿಂದುಮುಂದು. ಹದಿಮೂರರಲ್ಲಿ ಮೀಸೆ ಚಿಗುರಿದವನನ್ನೂ ದನಿ ಒಡೆಯದವನನ್ನೂ ಒಂದೇ ಸಾಲಲ್ಲಿ ನಿಲ್ಲಿಸಿ ಎತ್ತರ ನೋಡುವುದೆಂದರೆ ಒಂದೇ ದಿನ ಊರಿದ ಎರಡು ಅಡಿಕೆ ಸಸಿಗಳಲ್ಲಿ ಮೊದಲು ಗರಿ ಬಿಟ್ಟದ್ದನ್ನು ಉಳಿಸಿ ಇನ್ನೊಂದನ್ನು ಕಿತ್ತಂತೆ.

ಇಲ್ಲಿ ನಾವು ಮುಚ್ಚುಮರೆಯಿಲ್ಲದೆ ಹೇಳಬೇಕಾದ ಮಾತೊಂದಿದೆ. ನಮ್ಮ ದೇಶದ ಕಿರಿಯರ ಕ್ರೀಡೆಯಲ್ಲಿ ವಯಸ್ಸು ಕಮ್ಮಿ ಬರೆಸುವ ಪಿಡುಗು ಇದೆ. ಅದಕ್ಕೇ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ನೋಡುವ ಕ್ರಮ ಕ್ರಿಕೆಟ್‌ನಂಥ ಆಟಗಳಿಗೆ ಬಂದದ್ದು. ಹಾಗಿರುವಾಗ ಸಾಲಿನಲ್ಲಿ ಎಲ್ಲರಿಗಿಂತ ಸಣ್ಣಗೆ ಕಾಣುವ ಮಗು ಎಷ್ಟೋ ಸಲ ನಿಜವಾದ ವಯಸ್ಸು ಬರೆಸಿದ ಮಗುವಾಗಿರುತ್ತದೆ. ಆ ಮಗುವನ್ನು ಎತ್ತರದ ನೆಪದಲ್ಲಿ ಕೈಬಿಟ್ಟರೆ ಪ್ರಾಮಾಣಿಕರಾದ ತಂದೆತಾಯಿಗೆ ದಂಡ ಹಾಕಿದಂತಾಯಿತು.

ಮುಂದೆ ಎಷ್ಟು ಬೆಳೆಯಬಹುದು ಎಂದು ಅಂದಾಜಿಸಲು ಸುಲಭದ ಲೆಕ್ಕವಿದೆ. ತಂದೆಯ ಎತ್ತರಕ್ಕೆ ತಾಯಿಯ ಎತ್ತರ ಕೂಡಿಸಿ, ಹುಡುಗನಾದರೆ 13 ಸೆಂ.ಮೀ. ಸೇರಿಸಿ, ಹುಡುಗಿಯಾದರೆ 13 ಕಳೆದು, ಎರಡರಿಂದ ಭಾಗಿಸಿ. ತಂದೆ 168, ತಾಯಿ 155 ಆದರೆ ಮಗ 168ರ ಆಸುಪಾಸು. ಆದರೆ ಎಂಟು ಸೆಂಟಿಮೀಟರಿನಷ್ಟು ಆಚೀಚೆ ಆಗುವುದು ಸಾಮಾನ್ಯ, ಅಷ್ಟು ಆಚೀಚೆಯಲ್ಲಿ ಸೇಂಟ್ ಲೂಯಿಯೂ ಸಿಗುತ್ತಾರೆ, ಅವರಿಗಿಂತ ಎತ್ತರದವರೂ ಸಿಗುತ್ತಾರೆ. ಹಾಗಾಗಿ ಇದು ತರಬೇತಿಯ ಯೋಜನೆಗೆ ಮಾತ್ರ, ಗೀಟು ಎಳೆಯಲಿಕ್ಕಲ್ಲ. ಅಳೆಯುವುದಾದರೆ ಮೂರು ತಿಂಗಳಿಗೊಮ್ಮೆ, ಬೆಳಗ್ಗೆ, ಬರಿಗಾಲಲ್ಲಿ, ಅದೇ ಗೋಡೆಗೆ ಒರಗಿಸಿ ಅಳೆಯಿರಿ. ಸಂಜೆಯ ಹೊತ್ತಿಗೆ ಎತ್ತರ ಸುಮಾರು ಒಂದು ಸೆಂಟಿಮೀಟರ್ ಕುಗ್ಗಿರುತ್ತದೆ. ಎತ್ತರ ಏರುವ ವೇಗ ಜೋರಾದ ತಿಂಗಳುಗಳಲ್ಲಿ ಆಟ ಕೆಡುವುದುಂಟು: ಕಾಲುದ್ದ ಬದಲಾಗಿ ಸಮತೋಲ ತಪ್ಪುತ್ತದೆ, ಹಳೆಯ ಕೈಚಳಕ ಎಲ್ಲಿ ಹೋಯಿತೋ ಎನ್ನಿಸುತ್ತದೆ. ಆ ಅರ್ಧ ವರ್ಷ ತಾಳ್ಮೆ ಬೇಕು.

ಸಾಮಾನಿನ ವಿಷಯಕ್ಕೆ ಬಂದರೆ, ಸಣ್ಣ ಹುಡುಗರ ಶಾಟ್ ದುರ್ಬಲ ಎನ್ನುವ ದೂರಿನಲ್ಲಿ ಅರ್ಧ ತಪ್ಪು ಸ್ಟಿಕ್ಕಿನದು. ಹಾಕಿ ಸ್ಟಿಕ್ ಬಿಲ್ಲಿನಂತೆ ಬಾಗಿ ಚಿಮ್ಮಬೇಕು. ಅದರ ಬಿಗಿತಕ್ಕೆ ಫ್ಲೆಕ್ಸ್ ಎಂಬ ಅಂಕಿ ಇರುತ್ತದೆ. ಪೌಂಡಿನಲ್ಲಿ ಲೆಕ್ಕ ಹಾಕಿದ ಮೈತೂಕದ ಅರ್ಧ ಎಂಬುದು ರೂಢಿಯ ಸೂತ್ರ. 36 ಕಿಲೋ ಎಂದರೆ ಸುಮಾರು 80 ಪೌಂಡು, ಅವನಿಗೆ 40ರ ಫ್ಲೆಕ್ಸ್ ಸರಿ. ನಮ್ಮಲ್ಲಿ ಅಣ್ಣನ 75ರ ಸ್ಟಿಕ್ಕನ್ನು ಗರಗಸದಲ್ಲಿ ಕತ್ತರಿಸಿ ತಮ್ಮನಿಗೆ ಕೊಡುತ್ತಾರೆ. ಕತ್ತರಿಸಿದಷ್ಟೂ ಅದು ಇನ್ನಷ್ಟು ಬಿಗಿಯಾಗುತ್ತದೆ, ಹುಡುಗನ ಕೈಯಲ್ಲಿ ಅದು ಬಿಲ್ಲಾಗುವುದಿಲ್ಲ, ಬಡಿಗೆಯಾಗುತ್ತದೆ. ಸ್ಕೇಟ್ ಕಟ್ಟಿ ನಿಂತಾಗ ಸ್ಟಿಕ್ಕಿನ ತುದಿ ಗದ್ದದ ಹತ್ತಿರ ಬರಲಿ. ಐಸ್‌ಗೆ ಹೋದಾಗ ಬ್ಲೇಡಿನ ತಳದ ತೋಡನ್ನೂ ಗಮನಿಸಿ: ಸಾಮಾನ್ಯವಾಗಿ ಅರ್ಧ ಅಂಗುಲದ ತ್ರಿಜ್ಯಕ್ಕೆ ಮಸೆಯುತ್ತಾರೆ, ಹಗುರ ಮಕ್ಕಳಿಗೆ ಅಷ್ಟು ಹಿಡಿತ ಸಾಲದು, 7/16 ಅಥವಾ 3/8 ಅಂಗುಲಕ್ಕೆ ಮಸೆಸಿದರೆ ತಿರುವಿನಲ್ಲಿ ಜಾರುವುದಿಲ್ಲ. ಜಾರುವುದನ್ನು ಕಂಡು ‘ಕಾಲಲ್ಲಿ ಬಲ ಇಲ್ಲ’ ಎಂದು ಬರೆದುಬಿಡುವ ಮುನ್ನ ಬ್ಲೇಡು ತಿರುಗಿಸಿ ನೋಡಿ.

ತೂಕ ಬರಲೆಂದು ಆ ವಯಸ್ಸಿನಲ್ಲಿ ಪುಡಿಗಳನ್ನು ಕುಡಿಸುವುದು ಬೇಡ. ಕಾಲಿನ ಚುರುಕು ಹೋಗಿ ಮೈ ಮಾತ್ರ ಉಳಿದರೆ ಅವನಲ್ಲಿದ್ದ ಒಂದೇ ಆಸ್ತಿ ಹೋಯಿತು. ಮೈಗೆ ಮೈ ಕೊಡುವುದನ್ನು ಕಲಿಸಲೂ ಅವಸರ ಬೇಡ. ಅಮೆರಿಕದಲ್ಲಿ 2011ರಿಂದ, ಕೆನಡಾದಲ್ಲಿ 2013ರಿಂದ ಹನ್ನೆರಡರವರೆಗಿನ ಮಕ್ಕಳ ಪಂದ್ಯಗಳಲ್ಲಿ ಬಾಡಿ ಚೆಕ್ (ಮೈಯಿಂದ ಗುದ್ದಿ ತಡೆಯುವುದು) ನಿಲ್ಲಿಸಿದ್ದಾರೆ. ಅದಕ್ಕೂ ಮೊದಲೇ ಕಲಿಸಬೇಕಾದ್ದು ಗುದ್ದು ತಗೊಳ್ಳುವ ಬಗೆ: ಗೋಡೆಯಿಂದ ಮೂರು ನಾಲ್ಕು ಅಡಿ ದೂರ ನಿಲ್ಲಬಾರದು, ಅಂಟಿಕೊಂಡೇ ನಿಲ್ಲಬೇಕು. ಆ ಅಂತರದಲ್ಲೇ ಹೆಚ್ಚು ಪೆಟ್ಟು ಬೀಳುವುದು.

ಹುಡುಗಿಯರ ವಿಷಯದಲ್ಲಂತೂ ಎತ್ತರದ ವಾದ ಇನ್ನೂ ಸಡಿಲ. ಅವರ ಅಂತರರಾಷ್ಟ್ರೀಯ ಆಟದಲ್ಲಿ ಹುಡುಗರಷ್ಟು ಮೈಗುದ್ದಿಗೆ ಅವಕಾಶವಿಲ್ಲ. 2025ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಭಾರತದ ಮಹಿಳೆಯರು ಕಂಚು ಗೆದ್ದದ್ದನ್ನು ನೋಡಿದ ನಮ್ಮ ಹುಡುಗಿಯರೂ ಈಗ ಅಂಕಣಕ್ಕೆ ಬರುತ್ತಿದ್ದಾರೆ. ಅವರ ಹೆಸರಿನ ಮುಂದೆ ‘ಸಣ್ಣ’ ಎಂದು ಬರೆಯಲು ಕಾರಣವೇ ಇಲ್ಲ.

ಆಯ್ಕೆ ಮಾಡುವವರಲ್ಲಿ ನಮ್ಮ ಕೋರಿಕೆ ಇಷ್ಟು. ನೋಡುವವರು ಇಬ್ಬರಿರಲಿ, ಬೇರೆ ಬೇರೆ ಜಾಗದಲ್ಲಿ ಕೂರಲಿ, ಮಾತಾಡಿಕೊಳ್ಳದೆ ಮೊದಲು ಬರೆಯಲಿ. ಎತ್ತರ, ತೂಕದ ಕಾಲಂ ಹಾಳೆಯ ಕೊನೆಯಲ್ಲಿರಲಿ, ಆಟದ ಟಿಪ್ಪಣಿ ಮುಗಿದ ಮೇಲೆ ತುಂಬಲಿ. ಕೈಬಿಟ್ಟ ಮಗುವಿಗೆ ‘ಸಣ್ಣ’ ಎಂಬ ಒಂದು ಪದ ಸಾಲದು. ಹೆಗಲ ಮೇಲಿಂದ ನೋಡುವುದು ಕಮ್ಮಿಯೋ, ನಡುವಿಗೆ ನುಗ್ಗುವುದಿಲ್ಲವೋ, ಮೂಲೆಯಲ್ಲಿ ನೆಟ್ಟಗೆ ನಿಲ್ಲುತ್ತದೋ, ಇದ್ದದ್ದನ್ನು ಎರಡು ಸಾಲಲ್ಲಿ ಬರೆದು, ಮುಂದಿನ ಸಲ ಯಾವ ತಿಂಗಳು ಮತ್ತೆ ನೋಡುತ್ತೀರಿ ಎಂಬುದನ್ನೂ ಸೇರಿಸಿ ಮನೆಗೆ ಕಳಿಸಿ.

– ಸ್ಕೇಟಿಂಗ್ ಹಾಕಿ ಕಲಿಸುವ ಕೆಲವರು, ಶಿವಮೊಗ್ಗ